ಕೆಮ್ಮು ತೆಗೆದ ಕ್ಯಾಸೆಟ್ಟು

ನಮ್ಮ ಅಂಗಡಿ ಸಾಲಿನಲ್ಲಿ ನನ್ನ ಗಡಿಯಾರ ರಿಪೇರಿ ಅಂಗಡಿಯ ಪಕ್ಕದ್ದೇ ಆಕೆಯದು. ಲಾರಿಗೆ ಟಾರ್ಪಾಲು, ಬೈಕಿಗೆ ಸೀಟ್ ಕವರು, ಮಳೆಕೋಟು, ಹೀಗೆ ದಪ್ಪ ಬಟ್ಟೆಯ ಕೆಲಸ ಏನಿದ್ದರೂ ಜನ ಆಕೆಯ ಹತ್ತಿರವೇ ಬರುತ್ತಾರೆ. ಬೀದಿಗೆಲ್ಲ ಆಕೆ ಟಾರ್ಪಾಲಕ್ಕ. ನಿಜವಾದ ಹೆಸರು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ.

ಟಾರ್ಪಾಲಕ್ಕನ ಜೊತೆ ಮಾತಾಡಬೇಕಾದರೆ ಬಲಗಡೆಗೆ ಹೋಗಿ ನಿಲ್ಲಬೇಕು. ಎಡಗಿವಿ ಕೇಳಿಸದು. ಹಾಗೆಂದು ಆ ಕಡೆ ನಿಶ್ಶಬ್ದವೂ ಇಲ್ಲ. ಒಳಗೆ ಹಗಲೂ ರಾತ್ರಿ ಸಣ್ಣಗೆ ‘ಕೀಂ’ ಎನ್ನುತ್ತಿರುತ್ತದಂತೆ. "ಮೂವತ್ತೈದು ವರ್ಷದಿಂದ ಬಾಡಿಗೆ ಕೊಡದೆ ಕೂತಿದೆ, ಖಾಲಿ ಮಾಡು ಅಂದ್ರೆ ಮಾಡಲ್ಲ" ಎಂದು ನಗುತ್ತಾಳೆ. ದೊಡ್ಡ ಹೊಲಿಗೆ ಯಂತ್ರದ ಗದ್ದಲಕ್ಕೇ ಕಿವಿ ಹೋಗಿರಬೇಕೆಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ಆಕೆಯ ಅಣ್ಣ ಒಂದು ಗ್ರಾಮಫೋನ್ ರೆಕಾರ್ಡು ತಂದುಕೊಟ್ಟ ದಿನ.

ಅಣ್ಣ ಆಕೆಗಿಂತ ಎರಡು ವರ್ಷ ದೊಡ್ಡವನು. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತನಾಗಿದ್ದ. ಆ ವಯಸ್ಸಿನಲ್ಲೂ ಕಪ್ಪು ಟೀ ಶರ್ಟು, ಬೋಳುತಲೆಯ ಹಿಂದೆ ಉಳಿದ ನಾಲ್ಕು ಕೂದಲಿಗೆ ಒಂದು ಜುಟ್ಟು. ತಂಗಿಯ ಅಂಗಡಿಗೆ ಬಂದರೆ ಸ್ಟೂಲು ಎಳೆದುಕೊಂಡು ಕೂತು ‘ಕುಲುಮೆ’ಯ ಸುದ್ದಿ ತೆಗೆಯುತ್ತಿದ್ದ. ಕುಲುಮೆ ಅಂದರೆ ಒಂದು ಕಾಲದ ಹೆವಿ ಮೆಟಲ್ ಬ್ಯಾಂಡು. ಬಾಳಿದ್ದು ಮೂರೇ ವರ್ಷ. ಕೊನೆಯ ಸಂಗೀತ ಕಛೇರಿಯಾಗಿ ಆರು ವಾರಕ್ಕೆ ಅವರ ವ್ಯಾನು ಸೇತುವೆಯಿಂದ ಉರುಳಿ ಗಿಟಾರಿನವನು ತೀರಿಕೊಂಡ, ಉಳಿದವರು ದಿಕ್ಕಿಗೊಬ್ಬರಾದರು. ಆ ಕೊನೆಯ ಕಛೇರಿಯನ್ನು ಯಾವ ಕಂಪನಿಯೂ ಮುದ್ರಿಸಿಕೊಂಡಿರಲಿಲ್ಲ. ಪ್ರೇಕ್ಷಕರ ನಡುವೆ ನಿಂತು ಕದ್ದು ರೆಕಾರ್ಡ್ ಮಾಡಿದ ಒಂದೇ ಒಂದು ಕ್ಯಾಸೆಟ್ಟು ಉಳಿದಿತ್ತು. ಅದರ ನಕಲು, ನಕಲಿನ ನಕಲು ಊರೂರು ಸುತ್ತಿ, ಕಂಬಳಿ ಹೊದ್ದು ಕೇಳಿದ ಹಾಗೆ ಮಂಕಾಗಿದ್ದರೂ ಅಭಿಮಾನಿಗಳಿಗೆ ಅದೇ ಅಮೃತ. ಅದನ್ನು ರೆಕಾರ್ಡ್ ಮಾಡಿದವನು ಅಣ್ಣ ಎಂದು ಆ ವಲಯದವರಿಗೆಲ್ಲ ಗೊತ್ತು. ಪರದೇಶಗಳಿಂದಲೂ ಅವನಿಗೆ ಕಾಗದ ಬರುತ್ತಿತ್ತು.

ಈಗ ಒಂದು ಸಣ್ಣ ಕಂಪನಿ ಆ ಕ್ಯಾಸೆಟ್ಟನ್ನು ರೀಮಾಸ್ಟರ್ ಮಾಡಿಸಿತ್ತು. ಅಂದರೆ ಹಳೆಯ ಸದ್ದಿನ ಕೊಳೆ ತೊಳೆದು, ಮಸುಕಾದದ್ದನ್ನು ಎತ್ತಿ ತೋರಿಸಿ, ಹೊಸ ರೆಕಾರ್ಡಾಗಿ ಹೊರತಂದಿತ್ತು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಅಣ್ಣ ಅದನ್ನು ಹಿಡಿದು ಬಂದ. ಮುಖದಲ್ಲಿ ಮದುಮಗನ ಕಳೆ.

"ತಗೊಳ್ಳೇ. ಮೊದಲನೇ ಕಾಪಿ ನಿನಗೇ."

"ಇದನ್ನ ಹಾಕೋ ಮಿಷನ್ನೇ ಇಲ್ವಲ್ಲಣ್ಣ ನನ್ನತ್ರ."

"ಒಳಗೆ ಒಂದು ಪುಸ್ತಕ ಇದೆ, ಅದನ್ನ ಓದು. ನಿಮ್ಮಣ್ಣ ಅಂದ್ರೆ ಯಾರು ಅಂತ ಗೊತ್ತಾಗುತ್ತೆ."

ಅವನು ಹೋದ ಮೇಲೆ ಆಕೆ ಹೊಲಿಯುತ್ತ ಹೊಲಿಯುತ್ತಲೇ ಆ ತೆಳು ಪುಸ್ತಕವನ್ನು ಯಂತ್ರದ ಪಕ್ಕದಲ್ಲಿ ಬಿಡಿಸಿಕೊಂಡಳು. ನಮ್ಮಿಬ್ಬರ ಅಂಗಡಿಯ ನಡುವೆ ಇರುವುದು ಹಲಗೆಯ ಗೋಡೆ. ಯಂತ್ರ ತಟ್ಟನೆ ನಿಂತದ್ದು ನನಗೆ ಕೇಳಿಸಿತು. ಹಿಡಿದ ಹೊಲಿಗೆಯನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ಆಕೆ. ಏನಾಯಿತೋ ಎಂದು ಏಳುವಷ್ಟರಲ್ಲಿ ಆಕೆಯೇ ಬಂದು ಪುಸ್ತಕವನ್ನು ನನ್ನ ಮುಂದಿಟ್ಟಳು.

"ಗಡಿಯಾರದವರೇ, ಇದನ್ನ ಸ್ವಲ್ಪ ಗಟ್ಟಿಯಾಗಿ ಓದಿ. ನಾನೇ ತಪ್ಪು ಓದ್ತಿದೀನೇನೋ."

ನಾನು ಓದಿದೆ. ಅದು ಅಣ್ಣನ ಸಂದರ್ಶನ. ‘ಆಗ ಗೇಟಿನಲ್ಲಿ ತಪಾಸಣೆ ಬಹಳ ಬಿಗಿಯಾಗಿತ್ತು. ನಾನು ಕೋಟಿನೊಳಗೆ ಗುಟ್ಟಿನ ಜೇಬು ಹೊಲಿದುಕೊಂಡು ಅದರಲ್ಲಿ ರೆಕಾರ್ಡರ್ ಇಟ್ಟೆ. ಮೈಕನ್ನು ಕಾಲರಿನ ಕೆಳಗೆ ಸೇರಿಸಿದೆ. ಒಂದೂವರೆ ಗಂಟೆ ಕಲ್ಲಿನ ಹಾಗೆ ನಿಂತೆ. ಯಾರದೋ ಸಿಗರೇಟು ಮಣಿಕಟ್ಟು ಸುಟ್ಟಿತು. ಆಗಲೂ ಕೈ ಎಳೆದುಕೊಳ್ಳಲಿಲ್ಲ.’

"ಹಾಗಾದ್ರೆ ನಾನು ಸರಿಯಾಗೇ ಓದಿದೀನಿ" ಎಂದಳು. ಬಳೆಗಳನ್ನು ಮೇಲಕ್ಕೆ ಸರಿಸಿ ಎಡಗೈಯನ್ನು ನನ್ನ ಮೇಜಿನ ದೀಪದ ಕೆಳಗೆ ಇಟ್ಟಳು. ಮಣಿಕಟ್ಟಿನ ಮೇಲೆ ಅಂಗಿಯ ಗುಂಡಿಯಷ್ಟಗಲದ, ಬೆಳ್ಳಗಾದ ಸುಟ್ಟ ಗಾಯದ ಕಲೆ. "ಕೊನೇ ಪುಟಾನೂ ಓದಿಬಿಡಿ."

ಕೊನೆಯ ಪುಟದಲ್ಲಿ ಸೌಂಡ್ ಎಂಜಿನಿಯರನ ಟಿಪ್ಪಣಿ. ‘ಮೈಕಿನ ಪಕ್ಕದಲ್ಲೇ ನಿಂತಿದ್ದ ಅಪರಿಚಿತ ಮಹಿಳೆಯ ಕೆಮ್ಮು, ಉಸಿರಾಟ ಹಾಗೂ ಅಪಸ್ವರದ ಗುನುಗನ್ನು ಒಟ್ಟು ನೂರ ಹದಿನೇಳು ಕಡೆ ತೆಗೆದುಹಾಕಲಾಗಿದೆ.’

"ಅಪರಿಚಿತ ಮಹಿಳೆ ಬಂದಿದ್ದಾಳೆ, ಕೂರೋಕೆ ಹೇಳಿ" ಎಂದು ಆಕೆ ನಕ್ಕಳು. ಆ ನಗು ನೋಡಿ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆವತ್ತು ಮಧ್ಯಾಹ್ನ ಇಬ್ಬರೂ ಅಂಗಡಿಯ ಬಾಗಿಲು ಅರ್ಧ ಎಳೆದೆವು. ಆಕೆ ಎಲ್ಲ ಹೇಳಿದಳು.

ಆಗ ಆಕೆಗೆ ಇಪ್ಪತ್ತೆರಡು. ಶಾಲೆಯ ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಕುಲುಮೆಯ ಕಛೇರಿಗಳಲ್ಲಿ ಗಂಡಸರ ಮೈ ಮುಟ್ಟಿ ನೋಡಿ ಒಳಗೆ ಬಿಡುತ್ತಿದ್ದರು. ಹೆಂಗಸರನ್ನು ತಪಾಸಣೆ ಮಾಡಲು ಗೇಟಿನಲ್ಲಿ ಹೆಂಗಸರೇ ಇರಲಿಲ್ಲ. ಅಂಥ ಕಡೆ ಹೆಂಗಸರು ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಇದನ್ನು ಗಮನಿಸಿದ ಅಣ್ಣ ಹತ್ತು ದಿನ ತಂಗಿಯ ಬೆನ್ನು ಬಿದ್ದ. ಅಪ್ಪನಿಗೆ ತಿಳಿದರೆ ಕಾಲು ಮುರಿಯುತ್ತಿದ್ದ. ಕಾರ್ಖಾನೆಯಲ್ಲಿ ಓವರ್‌ಟೈಮ್ ಇದೆ ಎಂದು ಮನೆಯಲ್ಲಿ ಹೇಳಿದ್ದಾಯಿತು. ಜೇಬು ಹೊಲಿದದ್ದು ಆಕೆ. ರೆಕಾರ್ಡರ್ ತೂಗಾಡದಿರಲೆಂದು ಎರಡು ಪದರ ಬಟ್ಟೆ, ಉಜ್ಜಿದ ಸದ್ದು ಬಾರದಿರಲೆಂದು ಸುತ್ತ ಹಳೆಯ ಉಣ್ಣೆ. ನಲವತ್ತೈದು ನಿಮಿಷಕ್ಕೆ ಕ್ಯಾಸೆಟ್ಟಿನ ಒಂದು ಬದಿ ಮುಗಿಯುತ್ತದೆ. ಕೋಟಿನೊಳಗೆ ಕೈ ಹಾಕಿ, ಕಣ್ಣಿನ ಸಹಾಯವಿಲ್ಲದೆ ಅದನ್ನು ತೆಗೆದು ತಿರುಗಿಸಿ ಹಾಕಿ ಎರಡು ಗುಂಡಿ ಒಟ್ಟಿಗೆ ಒತ್ತುವುದನ್ನು ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು.

ಕಛೇರಿ ನಡೆದದ್ದು ಒಂದು ಒಳಾಂಗಣ ಕ್ರೀಡಾಂಗಣದಲ್ಲಿ, ಸಂಜೆ ಐದಕ್ಕೆ. ನೆಲದ ಮೇಲೆ ಬ್ಯಾಡ್ಮಿಂಟನ್ನಿನ ಗೆರೆಗಳು. ಆವತ್ತು ಆಕೆಗೆ ನೆಗಡಿ. ಅಣ್ಣ ಆಕೆಯನ್ನು ಎಡಗಡೆಯ ದೊಡ್ಡ ಸ್ಪೀಕರುಗಳ ಹತ್ತಿರ ಒಂದು ಕಂಬಕ್ಕೆ ಆನಿಸಿ ನಿಲ್ಲಿಸಿದ. ಮೊದಲ ಮೂರು ಹಾಡಿನ ಹೊತ್ತು ಪಕ್ಕದಲ್ಲಿದ್ದ. ನಾಲ್ಕನೆಯದು ಶುರುವಾಗುತ್ತಿದ್ದ ಹಾಗೆ "ಅಲ್ಲಾಡಬೇಡ. ಕೆಮ್ಮು ಬಂದ್ರೆ ನುಂಗ್ಕೋ" ಎಂದು ಗೆಳೆಯರ ಜೊತೆ ಮುಂದಕ್ಕೆ ನುಗ್ಗಿದ. ಅಷ್ಟೇ, ಮತ್ತೆ ಅವನನ್ನು ಕಂಡದ್ದು ಕಛೇರಿ ಮುಗಿದ ಮೇಲೆ, ಗೇಟಿನ ಹೊರಗೆ. ಗೆಳೆಯನೊಬ್ಬನಿಗೆ ತಲೆ ಸುತ್ತಿತೆಂದು ನಡುವೆ ಹೊರಗೆ ಕರೆದುಕೊಂಡು ಹೋದವರನ್ನು ಗೇಟಿನವರು ಮತ್ತೆ ಒಳಗೆ ಬಿಡಲಿಲ್ಲವಂತೆ. ಕೊನೆಯ ಐದು ಹಾಡುಗಳನ್ನು ಅಣ್ಣ ಕೇಳಿದ್ದೇ ತಂಗಿ ತಂದುಕೊಟ್ಟ ಕ್ಯಾಸೆಟ್ಟಿನಲ್ಲಿ.

"ಮೊದಮೊದಲು ಹಲ್ಲೆಲ್ಲ ಅದುರಿ ಉದುರಿಹೋಗುತ್ತೆ ಅನ್ನಿಸ್ತು" ಎಂದಳು. "ಯಾಕಾದ್ರೂ ಬಂದೆನೋ ಅಂತ ಅಣ್ಣನ್ನ ಬೈಕೊಂಡೆ. ನಾಲ್ಕನೇ ಹಾಡು ನಿಧಾನದ್ದು. ಅಷ್ಟು ಹೊತ್ತು ಎಲ್ಲರ ಮೇಲೂ ಕೂಗಾಡ್ತಿದ್ದವನು ಇದ್ದಕ್ಕಿದ್ದ ಹಾಗೆ ನನ್ನೊಬ್ಬಳ ಹತ್ರ ಮಾತಾಡಿದ ಹಾಗಾಯ್ತು, ಆ ಗಿಟಾರಿನವನು. ಚಪ್ಪಾಳೆ ತಟ್ಟೋ ಹಾಗಿಲ್ಲ, ಕಣ್ಣು ಒರೆಸಿಕೊಳ್ಳೋ ಹಾಗಿಲ್ಲ. ಬಾಯಲ್ಲಿ ಅದೇ ರಾಗ ಬಂದುಬಿಡ್ತು. ನನಗೆ ಗೊತ್ತೇ ಆಗಲಿಲ್ಲ."

ಕಿವಿಯ ‘ಕೀಂ’ ಶುರುವಾದದ್ದು ಮಾರನೆಯ ಬೆಳಿಗ್ಗೆ. ನಿದ್ದೆ ಮಾಡಿದರೆ ಹೋಗುತ್ತದೆ ಅಂದುಕೊಂಡಳು. ಗಿಟಾರಿನವನು ಸತ್ತ ಸುದ್ದಿ ಬಂದ ದಿನ ಬ್ಯಾಗಿನ ರಾಶಿಯ ಹಿಂದೆ ಕೂತು ಅತ್ತಳು. ಯಾಕೆಂದು ಕೇಳಿದವರಿಗೆ ಹಲ್ಲುನೋವು ಎಂದಳು.

"ನಾನೇ ರೆಕಾರ್ಡ್ ಮಾಡಿದ್ದು ಅಂತೀನಿ, ನಿನ್ನ ಹೆಸರು ಹೊರಗೆ ಬಂದ್ರೆ ಅಪ್ಪ ಸುಮ್ನೆ ಬಿಡಲ್ಲ" ಎಂದು ಅಣ್ಣ ಅಂದಾಗ ಆಕೆಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಆಮೇಲೆ ಆಕೆಗೆ ಒಬ್ಬ ಲಾರಿ ಡ್ರೈವರನ ಜೊತೆ ಮದುವೆಯಾಯಿತು, ಮಗಳು ಹುಟ್ಟಿದಳು. ಅಪ್ಪ ಹೋದ. ಎಂಟು ವರ್ಷದ ಹಿಂದೆ ಗಂಡನೂ ಹೋದ. ಮುಚ್ಚಿಡಬೇಕಾದ ಕಾರಣ ಒಂದೂ ಉಳಿಯಲಿಲ್ಲ, ಮುಚ್ಚಿಟ್ಟದ್ದು ಮಾತ್ರ ಹಾಗೇ ಇತ್ತು. ಆಕೆಯ ಎದುರಿಗೆ ಅಣ್ಣ ಯಾವಾಗಲೂ ‘ನಮ್ಮ ರೆಕಾರ್ಡಿಂಗು’ ಎನ್ನುತ್ತಿದ್ದ. ಆ ‘ನಮ್ಮ’ ಅನ್ನುವುದರಲ್ಲಿ ತಾನೂ ಇದ್ದೇನೆ ಎಂದು ಆಕೆ ನಂಬಿದ್ದಳು.

ಭಾನುವಾರ ಆಕೆ ಅಣ್ಣನ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ಸೋಮವಾರ ನನಗೆ ಹೇಳಿದಳು. ಬಾಗಿಲಲ್ಲೇ, ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳಂತೆ.

"ಅಣ್ಣ, ಆ ಪುಸ್ತಕದಲ್ಲಿ ನಾನೆಲ್ಲಿ?"

"ಅದು ಫ್ಯಾನುಗಳಿಗೆ ಅಂತ ಬರೆದದ್ದು ಕಣೇ. ಮನೆಮಂದಿ ವಿಚಾರ ಎಲ್ಲ ಅವರಿಗ್ಯಾಕೆ?"

"ಮನೆಮಂದಿ ವಿಚಾರ ಅಲ್ಲ. ಟೇಪು ಮಾಡಿದ್ದು ಯಾರು?"

"ಮಿಷನ್ ಯಾರದು? ನಂದು. ಕ್ಯಾಸೆಟ್ಟು ಯಾರದು? ನಂದು. ಐಡಿಯಾ ಯಾರದು? ನೀನು ನಿಂತಿದ್ದೆ, ಅಷ್ಟೇ. ಕಂಬಾನೂ ನಿಂತಿತ್ತು."

"ಕೊನೇ ಐದು ಹಾಡು ನೀನು ಕೇಳೇ ಇಲ್ಲ. ಗೇಟಿನ ಹೊರಗಿದ್ದೆ."

ಅಣ್ಣ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಮೆಲ್ಲಗೆ ಮಾತಾಡೇ. ನಿಮ್ಮತ್ತಿಗೆಗೂ ಗೊತ್ತಿಲ್ಲ."

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೂ ಅವನು ಅದೇ ಕಥೆ ಹೇಳಿದ್ದ. ಅವನೇ ಮುಂದುವರಿಸಿದ. "ನನಗೆ ಅಂತ ಇನ್ನೇನಿದೆ ಹೇಳು. ಊರೋರ ನೀರಿನ ಮೀಟರ್ ಓದಿ ಓದಿ ಆಯಸ್ಸು ಮುಗೀತು. ಒಬ್ಬನಿಗಾದ್ರೂ ನನ್ನ ಮುಖ ನೆನಪಿದೆಯಾ? ಇರೋದು ಇದೊಂದೇ."

"ಸರಿ, ಎಲ್ಲಾ ನೀನೇ ಇಟ್ಕೋ. ಕೈ ಸುಟ್ಟಿದ್ದನ್ನಾದ್ರೂ ನನಗೆ ಬಿಡಬಹುದಿತ್ತಲ್ಲ."

ಅದಕ್ಕೆ ಅವನು "ಕಾಫಿ ಕುಡಿದು ಹೋಗು" ಎಂದನಂತೆ.

ಆಕೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೋ ಏನೋ. ಆದರೆ ಆ ನೂರ ಹದಿನೇಳು ಎಂಬ ಸಂಖ್ಯೆ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಪುಸ್ತಕದಲ್ಲಿ ಎಂಜಿನಿಯರನ ವಿಳಾಸವಿತ್ತು. "ನನ್ನ ಒಂದು ಕಿವಿ ಸಾಲಲ್ಲ, ನಿಮ್ಮವೆರಡನ್ನೂ ತಗೊಂಡು ಬನ್ನಿ" ಎಂದು ನನ್ನನ್ನೂ ಹೊರಡಿಸಿದಳು.

ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ಗೋಡೆಗೆಲ್ಲ ಸ್ಪಂಜು ಹೊಡೆದ ಕೋಣೆ. ಎಂಜಿನಿಯರ್ ನಲವತ್ತೈದರ ಆಸುಪಾಸಿನ, ಮೆತ್ತಗೆ ಮಾತಾಡುವ ಮನುಷ್ಯ. ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡ. ನಂಬಿದ ಹಾಗೆ ಕಾಣಲಿಲ್ಲ.

"ತಪ್ಪು ತಿಳ್ಕೋಬೇಡಿ ಮೇಡಂ. ಒಂದು ಕೇಳ್ತೀನಿ. ಟೇಪು ತಿರುಗಿಸಿದ್ದು ಯಾವಾಗ?"

"ಡ್ರಮ್ಮಿನವನು ಒಬ್ಬನೇ ಬಾರಿಸ್ತಿದ್ದನಲ್ಲ, ಆಗ. ಗಾಬರಿಗೆ ತೆಗೆದು ಮತ್ತೆ ಅದೇ ಬದಿ ಹಾಕಿ ಒತ್ತಿಬಿಟ್ಟೆ. ತಕ್ಷಣ ಗೊತ್ತಾಯ್ತು. ಮತ್ತೆ ತೆಗೆದು ತಿರುಗಿಸಿ ಹಾಕಿದೆ."

ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. "ಮೊದಲ ಬದಿಯ ಕೊನೇಲಿ ಅರ್ಧ ಸೆಕೆಂಡಿನ ಒಂದು ತುಂಡು ಇದೆ. ಊರಲ್ಲಿ ಓಡಾಡ್ತಿರೋ ಯಾವ ನಕಲಿನಲ್ಲೂ ಅದಿಲ್ಲ, ಮೂಲ ಕ್ಯಾಸೆಟ್ಟಲ್ಲಿ ಮಾತ್ರ. ಇದೇನು ಅಂತ ನಿಮ್ಮಣ್ಣನ್ನ ಕೇಳಿದ್ದೆ. ಮಿಷನ್ ತೊಂದರೆ ಇರಬೇಕು ಅಂದ್ರು." ಕಂಪ್ಯೂಟರಿನ ಕಡೆ ತಿರುಗಿ, "ನಾನು ತೆಗೆದದ್ದನ್ನ ಎಸೆಯಲ್ಲ, ಬೇರೆ ಎತ್ತಿಟ್ಟಿರ್ತೀನಿ. ಕೇಳ್ತೀರಾ?" ಎಂದ.

ಸಂಗೀತ ಪೂರ್ತಿ ಹೋಗಿರಲಿಲ್ಲ. ದೂರದ ಮನೆಯಲ್ಲಿ ಯಾರೋ ಗೋಡೆ ಒಡೆಯುತ್ತಿರುವ ಹಾಗೆ ಹಿಂದೆ ಕೇಳುತ್ತಿತ್ತು. ಮುಂದೆ ಇದ್ದದ್ದು ಒಬ್ಬ ಹುಡುಗಿ. ಮೂಗು ಕಟ್ಟಿದ ಉಸಿರು. ಒಂದು ಕೆಮ್ಮು, ಇನ್ನೊಂದು ಕೆಮ್ಮು. ಹತ್ತಿರದಲ್ಲೇ ಗಂಡುದನಿ: "ಅಲ್ಲಾಡಬೇಡ. ಕೆಮ್ಮು ಬಂದ್ರೆ ನುಂಗ್ಕೋ." ಆಮೇಲೆ ಬಹಳ ಹೊತ್ತು ಬರೀ ಉಸಿರು. ‘ಸ್’ ಎಂದು ಹಲ್ಲು ಕಚ್ಚಿ ಗಾಳಿ ಎಳೆದುಕೊಂಡ ಸದ್ದು. ಕೈ ಸುಟ್ಟದ್ದು ಆಗಲೇ ಇರಬೇಕು. ಕೊನೆಗೆ ಗುನುಗು. ಅದು ಅಪಸ್ವರ ಹೌದು. ಬಾಯಿ ಬಿಡದೆ ಹಾಡಿದರೆ ಯಾರದಾದರೂ ಹಾಗೇ ಇರುತ್ತದೆ.

ಟಾರ್ಪಾಲಕ್ಕ ಬಲಗಿವಿಯನ್ನು ಸ್ಪೀಕರಿಗೆ ಹತ್ತಿರ ಮಾಡಿ ಕೂತಿದ್ದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಎಷ್ಟು ಹುಷಾರಾಗಿ ಕೆಮ್ಮಿದೀನಿ ನೋಡಿ" ಎಂದಳು.

ಎಂಜಿನಿಯರ್ ತಲೆಯಾಡಿಸಿದ. "ಒಂದೊಂದು ಕೆಮ್ಮೂ ಡ್ರಮ್ಮಿನ ಏಟಿನ ಮೇಲೇ ಬಿದ್ದಿತ್ತು ಮೇಡಂ. ಬಿಡಿಸಿ ತೆಗೆಯೋಕೆ ನಾಲ್ಕು ತಿಂಗಳು ಹಿಡೀತು."

ಅವನು ಒಳ್ಳೆಯವನೇ. ಮಾರನೆಯ ದಿನವೇ ಕಂಪನಿಗೆ ಬರೆದ. ಅವರಿಂದ ಉತ್ತರವೂ ಬಂತು: ಕಾಗದಪತ್ರಕ್ಕೆ ಸಹಿ ಹಾಕಿದವರು ಅಣ್ಣ. ಅಣ್ಣ-ತಂಗಿಯರ ತಕರಾರು ಮನೆಯೊಳಗೇ ಬಗೆಹರಿಯಲಿ. ಎರಡನೆಯ ಮುದ್ರಣದಲ್ಲೂ ಪುಸ್ತಕ ಹಾಗೇ ಇರುತ್ತದೆ. ಎಂಜಿನಿಯರ್ ಪಟ್ಟು ಬಿಡದೆ, ಹೆಸರು ಬೇಡವಾದರೆ ಬೇಡ, ತೊಳೆಯದ ಮೂಲ ಸದ್ದನ್ನಾದರೂ ಜನ ಕೇಳಲಿ ಎಂದು ಬೇಡಿಕೊಂಡ. ಇದು ಮಾತ್ರ ಅವರಿಗೆ ತಕ್ಷಣ ಹಿಡಿಸಿತು. ನಾಲ್ಕನೆಯ ಹಾಡನ್ನು ಇಂಟರ್‌ನೆಟ್ಟಿನಲ್ಲಿ ಎರಡು ಸಲ ಹಾಕಿದರು: ‘ಮೊದಲು ಹೀಗಿತ್ತು’, ‘ಈಗ ಹೀಗಿದೆ’. ತಮ್ಮ ಕೆಲಸ ಎಷ್ಟು ಸ್ವಚ್ಛ ಎಂದು ತೋರಿಸಲು ಅವರಿಗೆ ಆಕೆಯ ಕೆಮ್ಮು ಉಪಯೋಗಕ್ಕೆ ಬಂತು.

ಆಕೆಯ ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಫೋನಿನಲ್ಲಿ ಅದನ್ನು ತೆಗೆದು, ಕೆಳಗೆ ಜನ ಬರೆದದ್ದನ್ನು ಓದತೊಡಗಿದಳು. ಎರಡು ಸಾಲು ಓದುವಷ್ಟರಲ್ಲಿ ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದೆ? ಓದು" ಎಂದಳು ತಾಯಿ.

‘ಈ ಹೆಂಗಸು ಆಸ್ಪತ್ರೆಗೆ ಹೋಗೋದು ಬಿಟ್ಟು ಇಲ್ಲಿಗ್ಯಾಕೆ ಬಂದಳು?’ ‘ಗುನುಗುತ್ತಿರುವವಳನ್ನು ಯಾರಾದರೂ ಎತ್ತಿ ಹೊರಗೆ ಹಾಕಬೇಕಿತ್ತು.’ ‘ಅಲ್ಲಾಡಬೇಡ ಅಂತ ಗದರಿಸಿದ ಮಹಾನುಭಾವ ಯಾರು? ಅವರಿಗೆ ನನ್ನ ನಮಸ್ಕಾರ.’ ಈ ಕೊನೆಯದಕ್ಕೆ ಅಣ್ಣ ತನ್ನ ಹೆಸರಿನಲ್ಲೇ ಉತ್ತರ ಬರೆದಿದ್ದ: ‘ಅದು ನಾನೇ. ಪಕ್ಕದಲ್ಲಿ ಯಾರೋ ಒಬ್ಬಳು ನಿಂತಿದ್ದಳು. ಎಷ್ಟು ಹೇಳಿದರೂ ಕೇಳಲಿಲ್ಲ. ಅವಳಿಂದಾಗಿ ಒಳ್ಳೆಯ ರೆಕಾರ್ಡಿಂಗ್ ಕೆಟ್ಟಿತಲ್ಲ ಎಂದು ಇಷ್ಟು ವರ್ಷ ಹೊಟ್ಟೆ ಉರಿಯುತ್ತಿತ್ತು.’ ಇನ್ನೂರಕ್ಕೂ ಹೆಚ್ಚು ಜನ ಅದನ್ನು ಮೆಚ್ಚಿದ್ದರು.

ಮಗಳ ಬೆರಳುಗಳು ಫೋನಿನ ಮೇಲೆ ಪಟಪಟ ಓಡತೊಡಗಿದವು. "ಇವತ್ತು ಮಾವನ ಬಣ್ಣ ಬಯಲು ಮಾಡ್ತೀನಿ. ನಿನ್ನ ಫೋಟೋನೂ ಹಾಕ್ತೀನಿ, ಕೈ ಕಲೇನೂ ಹಾಕ್ತೀನಿ."

"ಬೇಡ."

"ಯಾಕಮ್ಮ ಬೇಡ?"

"ಸಂದರ್ಶನದಲ್ಲಿ ನನ್ನ ಬಿಟ್ಟ. ಎದುರಿಗೆ ಜನ ಇರ್ತಾರೆ, ಬಡಾಯಿ ಕೊಚ್ಚಿಕೊಂಡ, ಇರಲಿ. ಇದನ್ನ ಬರೀವಾಗ ಎದುರಿಗೆ ಯಾರಿದ್ರು? ಒಬ್ಬನೇ ಕೂತು, ಯೋಚನೆ ಮಾಡಿ, ‘ಯಾರೋ ಒಬ್ಬಳು’ ಅಂತ ಬರೆದಿದ್ದಾನೆ." ಮಗಳ ಕೈಯಿಂದ ಫೋನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. "ಆ ಲಾರಿಯವನು ಮೂರು ಗಂಟೆಗೆ ಬರ್ತಾನೆ. ಆ ತುದಿ ಹಿಡ್ಕೋ ಬಾ."

ಇಬ್ಬರೂ ಸೇರಿ ಒಂದು ಲಾರಿಯಗಲದ ಟಾರ್ಪಾಲನ್ನು ರಸ್ತೆಯ ಬದಿಯಲ್ಲಿ ಬಿಡಿಸಿ ಮಡಿಸಿದರು. ಮಗಳು ಮಡಿಸುತ್ತಲೇ ಅಳುತ್ತಿದ್ದಳು. ತಾಯಿ "ಮೂಲೆಗೆ ಮೂಲೆ ಸರಿಯಾಗಿ ಕೂರಿಸು" ಎಂದಳು.

ಎರಡು ತಿಂಗಳಾದ ಮೇಲೆ ಅಣ್ಣ ಬಂದ. ಯಾವುದೋ ಊರಿನ ಅಭಿಮಾನಿಗಳು ಅವನನ್ನು ಸನ್ಮಾನಕ್ಕೆ ಕರೆದಿದ್ದರಂತೆ. ಪ್ರಯಾಣದ ಬ್ಯಾಗಿನ ಪಟ್ಟಿ ಕಿತ್ತುಹೋಗಿತ್ತು, ಹೊಲಿಸಿಕೊಳ್ಳಲು ತಂದಿದ್ದ. ಎಂದಿನಂತೆ ನನಗೂ ಕೈ ಬೀಸಿ, ತಂಗಿಯ ಎದುರು ಸ್ಟೂಲು ಎಳೆದುಕೊಂಡ.

"ಇದಕ್ಕೊಂದು ಹೊಲಿಗೆ ಹಾಕ್ಕೊಡೇ. ಸಂಜೆ ಬಸ್ಸಿಗೆ ಹೋಗ್ಬೇ‌ಕು."

ಆಕೆ ಬ್ಯಾಗನ್ನು ಮುಟ್ಟಲೂ ಇಲ್ಲ. ಯಾರೋ ಗಿರಾಕಿಗೆ ಹೇಳುವ ಹಾಗೆ, ಸಿಟ್ಟಿಲ್ಲದ ದನಿಯಲ್ಲಿ, "ಕೈತುಂಬ ಕೆಲಸ ಇದೆ. ಬೇರೆ ಕಡೆ ಕೊಡಿ" ಎಂದಳು.

ಹುಟ್ಟಿದಾಗಿನಿಂದ ‘ನೀನು’ ಎಂದೇ ಮಾತಾಡಿಸಿದ ಅಣ್ಣನಿಗೆ ಆಕೆ ‘ಕೊಡಿ’ ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಅವನೂ ಕೇಳಿಸಿಕೊಂಡ. ತಮಾಷೆ ಇರಬಹುದೆಂದು ಆಕೆಯ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ಬಿಚ್ಚಿಟ್ಟ ವಾಚಿನ ಕಡೆ ಕಣ್ಣು ತಗ್ಗಿಸಿದೆ. ಅವನು ಎದ್ದು, ಪಟ್ಟಿ ಕಿತ್ತ ಬ್ಯಾಗನ್ನು ಎದೆಗೆ ಅಪ್ಪಿ ಹಿಡಿದುಕೊಂಡು ಹೋದ.

ಆಮೇಲೆ ಅವನು ಈ ಬೀದಿಗೆ ಬಂದಿಲ್ಲ. ಅತ್ತಿಗೆ ಎರಡು ಸಲ ಫೋನು ಮಾಡಿ, ಏನಾಯಿತು ನಿಮ್ಮಿಬ್ಬರಿಗೆ ಎಂದು ಕೇಳಿದ್ದಳು. ಏನೂ ಇಲ್ಲ ಎಂದು ಟಾರ್ಪಾಲಕ್ಕ ಹೇಳಿದಳು. ಸತ್ಯ ಹೇಳಿ ಆ ಮನೆಯನ್ನೂ ಮುರಿಯುವ ಮನಸ್ಸು ಆಕೆಗಿರಲಿಲ್ಲ. ಎರಡು ವರ್ಷವಾಯಿತು. ರೆಕಾರ್ಡು ಈಗ ಮೂರನೆಯ ಮುದ್ರಣಕ್ಕೆ ಹೋಗಿದೆಯೆಂದು ಆ ಎಂಜಿನಿಯರ್ ಹೋದ ವಾರ ವಾಚಿನ ಸೆಲ್ ಹಾಕಿಸಲು ಬಂದಾಗ ನನಗೆ ಹೇಳಿದ. ಆಕೆಗೆ ಹೇಳಬೇಕೋ ಬೇಡವೋ ಎಂದು ಕೇಳಿದ. ಬೇಡ ಎಂದೆ.